ರಜೆಗೆ ಬಳ್ಳಾರಿಗೆ ಬರುವವರು ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಪಡೆಯುವ ಮುನ್ನ

ಗಲ್ಫ್ ದೇಶಗಳಿಂದ ರಜೆಯ ಮೇಲೆ ಬಳ್ಳಾರಿಗೆ ಬಂದು, ಮದುವೆ ಜವಳಿಯ ಓಡಾಟಕ್ಕೆ ತಾವೇ ಓಡಿಸಲೆಂದು ಕಾರನ್ನು ಬಾಡಿಗೆಗೆ ಪಡೆಯುವವರು ಮೊದಲು ಅದರ ನಂಬರ್ ಪ್ಲೇಟಿನ ಬಣ್ಣವನ್ನು ನೋಡಬೇಕು. ಅಂಥ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರಗಳಿರಬೇಕೆಂಬುದು ನಿಯಮ. ಬಿಳಿ ಪ್ಲೇಟಿನ ಕಾರು ಸ್ವಂತ ಬಳಕೆಯದು, ಅದನ್ನು ಬಾಡಿಗೆಗೆ ಬಿಡುವಂತಿಲ್ಲ. ತಂಗಿಯ ಮಗಳ ಮದುವೆಗೆಂದು ಮಸ್ಕತ್‌ನಿಂದ ಬಂದ ನಮಗೆ ಪರಿಚಯದವರ ಮೂಲಕ ಸಿಕ್ಕಿದ್ದು ಕೆಎ 34 ನೋಂದಣಿಯ ಬಿಳಿ ಪ್ಲೇಟಿನ ಕಾರು. ಹೊರದೇಶದವರಿಗೆಲ್ಲ ಇದೇ ಪದ್ಧತಿ ಎಂದು ಹೇಳಿ, ಮಾಲೀಕರು ಮುಂಗಡದ ಬದಲಿಗೆ ನನ್ನ ಪಾಸ್‌ಪೋರ್ಟನ್ನೇ ಇಟ್ಟುಕೊಂಡರು.

ಒಮಾನಿನಲ್ಲಿ ಸ್ಟೇರಿಂಗ್ ಎಡಕ್ಕೆ, ಓಡಾಟ ರಸ್ತೆಯ ಬಲಕ್ಕೆ. ಇಲ್ಲಿ ಎರಡೂ ತಿರುಗುಮುರುಗು. ತಿರುವಿನಲ್ಲಿ ಎಡಗೈ ರೂಢಿಯಂತೆ ಸ್ಟೇರಿಂಗ್ ಪಕ್ಕದ ಕಡ್ಡಿಯನ್ನು ಒತ್ತಿದರೆ ಇಂಡಿಕೇಟರಿನ ಬದಲು ವೈಪರ್ ಒಣಗಾಜಿನ ಮೇಲೆ ಕಿರ್ರೆಂದು ಉಜ್ಜುತ್ತದೆ, ಗೇರ್ ಹುಡುಕುವ ಬಲಗೈ ಬಾಗಿಲಿಗೆ ಬಡಿಯುತ್ತದೆ. ಕೂರುವ ಬದಿ ಬದಲಾದುದರಿಂದ ಕಾರಿನ ಎಡಬದಿಯ ಅಂದಾಜು ಸಿಗುವುದಂತೂ ತಡ. ಆದ್ದರಿಂದ ಕೌಲ್ ಬಜಾರಿನ ಇಕ್ಕಟ್ಟಿಗೆ ಹೋಗುವ ಮುನ್ನ ಊರಾಚೆಯ ಖಾಲಿ ರಸ್ತೆಯಲ್ಲಿ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು.

ಆದರೆ ಪೆಟ್ಟು ಬಿದ್ದದ್ದು ಕಾರು ನಿಂತಿದ್ದಾಗ. ಬೆಂಗಳೂರು ರಸ್ತೆಯಲ್ಲಿ ನಾವು ಸೀರೆ ಅಂಗಡಿಯೊಳಗಿದ್ದಾಗ ಯಾವುದೋ ಸರಕು ಆಟೋ ಹಿಂದೆ ಬರುತ್ತ ಬಲಬದಿಯ ಎರಡೂ ಬಾಗಿಲುಗಳನ್ನು ಗೀರಿ ಹೋಗಿತ್ತು. ಮುರಿದ ಕನ್ನಡಿ ವೈರಿಗೆ ಜೋತಾಡುತ್ತಿತ್ತು. ಕಬ್ಬಿನ ಹಾಲಿನ ಗಾಡಿಯವರು ಕೂಗಿ ಹೇಳುವಷ್ಟರಲ್ಲಿ ಆಟೋ ಕಣ್ಮರೆಯಾಗಿತ್ತು.

ಮಾಲೀಕರು ವಿಮೆಯ ಮಾತನ್ನೇ ಎತ್ತಲಿಲ್ಲ. ಸ್ವಂತ ಬಳಕೆಯ ಪಾಲಿಸಿ ಬಾಡಿಗೆಗೆ ಬಿಟ್ಟ ಕಾರಿನ ಹಾನಿಗೆ ಅನ್ವಯಿಸುವುದಿಲ್ಲವಾದ್ದರಿಂದ, ಕ್ಲೇಮ್ ಹಾಕಿದರೆ ಅವರ ವ್ಯವಹಾರವೇ ಬಯಲಾಗುತ್ತಿತ್ತು. ಹೀಗಾಗಿ ಡೆಂಟಿಂಗ್, ಪೇಂಟಿಂಗ್, ಹೊಸ ಕನ್ನಡಿ, ಕಾರು ಗ್ಯಾರೇಜಿನಲ್ಲಿರುವಷ್ಟು ದಿನದ ಬಾಡಿಗೆ, ಸಾಲದೆಂಬಂತೆ ಮೊದಲೇ ತುಕ್ಕು ಹಿಡಿದಿದ್ದ ಹಿಂಬದಿಯ ಗೀರಿನ ದುರಸ್ತಿ, ಎಲ್ಲವೂ ನಮ್ಮ ಲೆಕ್ಕಕ್ಕೆ ಬಂದವು. ಹಣ ಕೊಡದೆ ಪಾಸ್‌ಪೋರ್ಟ್ ಕೊಡುವುದಿಲ್ಲವೆಂದರು. ಬೆಂಗಳೂರಿನಿಂದ ವಿಮಾನ ಹತ್ತುವ ದಿನ ಸಮೀಪಿಸಿದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಬಾಡಿಗೆಗೆ ಕೊಡುವಾಗಲೇ ಅದನ್ನು ನಯವಾಗಿ ವಿಚಾರಿಸಿಕೊಂಡಿದ್ದರು.

1967ರ ಪಾಸ್‌ಪೋರ್ಟ್ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಸ್ವತ್ತು. ಪೊಲೀಸರು ಅದನ್ನು ವಶಪಡಿಸಿಕೊಳ್ಳಬಹುದಾದರೂ ಮುಟ್ಟುಗೋಲು ಹಾಕಿ ಇಟ್ಟುಕೊಳ್ಳುವ ಅಧಿಕಾರ ಪಾಸ್‌ಪೋರ್ಟ್ ಪ್ರಾಧಿಕಾರಕ್ಕೆ ಮಾತ್ರ ಇದೆಯೆಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಿರುವಾಗ ಕಾರಿನ ಮಾಲೀಕರ ಬೀರುವಿನಲ್ಲಿ ಅದಕ್ಕೇನು ಕೆಲಸ? ನಮ್ಮಣ್ಣ ಇದನ್ನೇ ಹೇಳಿ ಠಾಣೆಗೆ ಹೊರಟಾಗ ಮಾಲೀಕರ ಧ್ವನಿ ಇಳಿಯಿತು. "ಅಣ್ಣಾರ, ಸ್ಟೇಷನ್ ಯಾಕ್ರಿ, ಕುಂತು ಮಾತಾಡೋಣ ಬರ್ರಿ" ಎಂದರು. ಬಾಗಿಲು ಮತ್ತು ಕನ್ನಡಿಯ ಖರ್ಚನ್ನು ಕೊಟ್ಟು ಪಾಸ್‌ಪೋರ್ಟ್ ಬಿಡಿಸಿಕೊಂಡೆವು. ಉಳಿದುದನ್ನು ಅವರೇ ಕೈಬಿಟ್ಟರು.

ಕಪ್ಪು ಪ್ಲೇಟಿನ ಕಾರೇ ಸಿಕ್ಕರೂ ಪಡೆಯುವಾಗ ನಾಲ್ಕೂ ಬದಿಯ ವಿಡಿಯೊ ಮಾಡಿಕೊಳ್ಳಿ, ಮುಂಗಡವನ್ನು ದಾಖಲೆ ಉಳಿಯುವಂತೆ ಖಾತೆಯ ಮೂಲಕವೇ ಕೊಡಿ, ಗುರುತಿಗೆ ನಕಲು ಪ್ರತಿಯನ್ನಷ್ಟೇ ನೀಡಿ. ಜವಳಿಯ ಓಡಾಟವಷ್ಟೇ ಇದ್ದರೆ, ನನ್ನನ್ನು ಕೇಳಿದರೆ, ಡ್ರೈವರ್ ಸಮೇತ ಯೆಲ್ಲೋ ಬೋರ್ಡ್ ಕಾರೇ ವಾಸಿ; ನೀವು ಅಂಗಡಿಯೊಳಗಿರುವಾಗ ಕಾರಿನ ಬಳಿ ಒಬ್ಬರಾದರೂ ಇರುತ್ತಾರೆ.