ಮೋಟಾರ್ ಕಿಟ್ ಜೋಡಿಸಲು ಅಗ್ಗದ ಕ್ರೂಸರ್ ಸೈಕಲ್: ಚಡಾವಿನ ಊರಿನವನೊಬ್ಬನ ಆಯ್ಕೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪವಿರುವ ನನ್ನ ಮನೆಯಿಂದ ನಾನು ಪಾಠ ಮಾಡುವ ಶಾಲೆಗೆ 9 ಕಿಲೋಮೀಟರ್ ದಾರಿ. ಮಧ್ಯದಲ್ಲಿ ಮೂರು ದೊಡ್ಡ ಚಡಾವುಗಳಿವೆ, ಅಂದರೆ ಏರುದಾರಿಗಳು. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಆ ರಸ್ತೆಯ ಅಂಚಿನಲ್ಲಿ ಮುರಕಲ್ಲಿನ ಕೆಂಪು ಕೆಸರು ಹರಿಯುತ್ತಿರುತ್ತದೆ. ಸೊಂಟದ ನೋವಿನಿಂದಾಗಿ ಬಾಗಿ ಕುಳಿತು ತುಳಿಯುವ ಸೈಕಲ್ ನನಗೆ ಆಗದು. ಅಗಲವಾದ ಸೀಟು, ಎದೆಯ ಕಡೆಗೆ ಬಾಗಿದ ಹ್ಯಾಂಡಲ್, ದಪ್ಪ ಟಯರ್ ಇರುವ ಕ್ರೂಸರ್ ಸೈಕಲನ್ನು ಕೊಂಡು ಅದಕ್ಕೆ ವಿದ್ಯುತ್ ಮೋಟಾರ್ ಜೋಡಿಸಬೇಕೆಂದು ಕಳೆದ ವರ್ಷ ನಿರ್ಧರಿಸಿದೆ. ಕಾಸರಗೋಡು ಪೇಟೆಯಲ್ಲಿಯೂ ಮಂಗಳೂರಿನಲ್ಲಿಯೂ ಅಂಗಡಿ ಅಂಗಡಿ ಸುತ್ತಿ ನೋಡಿದ ಮೇಲೆ ನನಗೆ ಮನದಟ್ಟಾದ ಸಂಗತಿ ಇಷ್ಟು: ಮೋಟಾರಿನ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ, ಆದರೆ ಹಣ ಉಳಿಯುವುದೂ ಹಾಳಾಗುವುದೂ ಸೈಕಲಿನ ಆಯ್ಕೆಯಲ್ಲಿಯೇ.

ಮೊದಲು ನೋಡಿದ್ದು ನಮ್ಮ ಹಿರಿಯರು ಅಡಕೆ ಮೂಟೆ ಹೊರಿಸುತ್ತಿದ್ದ ಮಾದರಿಯ 28 ಇಂಚಿನ ಕಪ್ಪು ಸೈಕಲ್. ಬೆಲೆ ಕಡಿಮೆ, ಉಕ್ಕಿನ ಚೌಕಟ್ಟು ಗಟ್ಟಿ, ಕುಳಿತುಕೊಳ್ಳುವ ಭಂಗಿಯೂ ನೆಟ್ಟಗೆ. ಆದರೆ ಅದರ ಚಕ್ರದ ಅಳತೆಯಲ್ಲಿಯೇ ತೊಡಕಿದೆ. ನಾನು ನೋಡಿದ ಕಿಟ್‌ಗಳಲ್ಲಿ ಮೋಟಾರ್ ಬರುವುದು ಚಕ್ರವೊಂದರ ನಡುವೆ ಕೂತುಕೊಂಡೇ; ಸೈಕಲಿನ ಹಳೆಯ ಚಕ್ರ ತೆಗೆದು ಇದನ್ನು ಹಾಕಬೇಕು. ಆ ಸೈಕಲಿನ ಟಯರ್ ಕೂರುವ ರಿಮ್ಮಿನ ವ್ಯಾಸ 635 ಮಿಲಿಮೀಟರ್; ಕಿಟ್ ಮಾರುವವರು 28 ಇಂಚು ಎಂದು ಕೊಡುವ ಚಕ್ರ ಸಾಮಾನ್ಯವಾಗಿ 622 ಮಿಲಿಮೀಟರಿನದು. ಹೆಸರು ಒಂದೇ ಆದರೂ ಹಳೆಯ ಟಯರ್ ಹೊಸ ರಿಮ್ಮಿಗೆ ಕೂರುವುದಿಲ್ಲ. ಅಲ್ಲದೆ ಸರಳಿನ ಬ್ರೇಕು ರಿಮ್ಮಿನ ಒಳಬದಿಯನ್ನು ಒತ್ತುವಂಥದ್ದಾಗಿರುವುದರಿಂದ, ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ಅದು ಹಿಡಿಯುವ ಹೊತ್ತಿಗೆ ಇಳಿಜಾರು ಮುಗಿದಿರುತ್ತದೆ.

ಎರಡನೆಯದು ಬಹಳ ಚೆಂದದ, ಬಿಲ್ಲಿನಂತೆ ಬಾಗಿದ ಅಲ್ಯೂಮಿನಿಯಂ ಚೌಕಟ್ಟಿನ ಕ್ರೂಸರ್. ಗಿಯರ್ ಇರಲಿಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಹಿಂದಿನ ಚಕ್ರದ ನಡುವಿನ ಗುಂಬದ, ಅಂದರೆ ಹಬ್ಬಿನ, ಒಳಗೇ ಇತ್ತು. ಹಿಂದಿನ ಚಕ್ರಕ್ಕೆ ಮೋಟಾರ್ ಹಾಕಿದರೆ ಆ ಬ್ರೇಕೇ ಹೋಗುತ್ತದೆ. ಮುಂದಿನ ಚಕ್ರಕ್ಕೆ ಹಾಕೋಣವೆಂದರೆ ಮೋಟಾರಿನ ಅಚ್ಚು ಚಕ್ರ ತಿರುಗುವ ದಿಕ್ಕಿಗೆ ವಿರುದ್ಧವಾಗಿ ತಾನು ತಿರುಗಲು ಹವಣಿಸುತ್ತಿರುತ್ತದೆ. ಆ ಒತ್ತಡವನ್ನೆಲ್ಲ ತಡೆಯಬೇಕಾದದ್ದು ಅಚ್ಚು ಕೂರುವ ಸೀಳಿನ ಎರಡು ಅಂಚುಗಳು. ಉಕ್ಕಾದರೆ ಮೊದಲು ಬಾಗಿ ಎಚ್ಚರಿಕೆ ಕೊಡುತ್ತದೆ, ಎರಕದ ಅಲ್ಯೂಮಿನಿಯಂ ಒಮ್ಮೆಗೇ ಬಿರಿಯುತ್ತದೆ. ಇಳಿಜಾರಿನಲ್ಲಿ ಮುಂದಿನ ಚಕ್ರ ಕಳಚಿದರೆ ಆಗುವುದನ್ನು ಊಹಿಸಿಕೊಂಡು ಆ ಸೈಕಲನ್ನು ಬಿಟ್ಟೆ. ಬಾಗಿದ ಕೊಳವೆಗಳ ನಡುವೆ ಬ್ಯಾಟರಿ ಕೂರಿಸಲು ನೇರವಾದ ಜಾಗವೂ ಅದರಲ್ಲಿ ಇರಲಿಲ್ಲ.

ಕೊನೆಗೆ ಕೊಂಡದ್ದು 26 ಇಂಚಿನ, 2.125 ಇಂಚು ದಪ್ಪದ ಟಯರಿನ, ಏಳು ಗಿಯರಿನ ಉಕ್ಕಿನ ಕ್ರೂಸರ್. ಬೆಲೆ 11,800 ರೂಪಾಯಿ. ಮೇಲಿನ ಕೊಳವೆ ಬಾಗಿದ್ದರೂ ಕೆಳಗಿನದು ನೇರವಾಗಿರುವುದರಿಂದ ಬ್ಯಾಟರಿ ಅಲ್ಲಿಯೇ ಕುಳಿತಿತು. ಕ್ಯಾರಿಯರಿನ ಮೇಲೆ ಮೂರು ಕಿಲೋ ಭಾರ ಇಟ್ಟುಕೊಂಡು ಹೊಂಡಗಳಲ್ಲಿ ಹಿಂಬದಿ ಓಲಾಡುವುದು ತಪ್ಪಿತು. ಹಿಂದಿನ ಕವಲಿನ ಅಗಲವನ್ನು ಅಂಗಡಿಯಲ್ಲಿಯೇ ಅಳೆದು ನೋಡಿದ್ದೆ: 135 ಮಿಲಿಮೀಟರ್. ಹಿಂದಿನ ಹಬ್ ಮೋಟಾರಿಗೆ ಬೇಕಾದದ್ದು ಇದೇ ಅಳತೆ. ಗಿಯರಿಲ್ಲದ ಸೈಕಲುಗಳಲ್ಲಿ ಇದು 110 ಅಥವಾ 120 ಇರುವುದೇ ಹೆಚ್ಚು. ಅವನ್ನು ಹಿಗ್ಗಿಸಿ ಕೂರಿಸಿಕೊಡುತ್ತೇವೆ ಎನ್ನುವ ಅಂಗಡಿಯವರ ಮಾತಿಗೆ ದಯವಿಟ್ಟು ಒಪ್ಪಬೇಡಿ. ಹಿಂದಿನ ಗಿಯರ್ ಗಾಲಿ ತಿರುಪಿನಿಂದ ಕೂರುವ ಫ್ರೀವೀಲ್ ಆಗಿದ್ದುದರಿಂದ ಅದನ್ನೇ ಬಿಚ್ಚಿ ಮೋಟಾರಿನ ಮೇಲೆ ಹಾಕಿದೆವು, ಹೊಸದನ್ನು ಕೊಳ್ಳಬೇಕಾಗಲಿಲ್ಲ.

ಗಿಯರ್ ಬೇಕೇ ಬೇಕೆಂದು ನಾನು ಹಟ ಹಿಡಿದದ್ದಕ್ಕೆ ಲೆಕ್ಕವಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಬ್ಯಾಟರಿ ವಾಹನವೊಂದು ನೋಂದಣಿಯ ಕಟ್ಟಿನಿಂದ ಹೊರಗುಳಿಯಬೇಕಾದರೆ ಮೋಟಾರ್ ಮೂವತ್ತು ನಿಮಿಷ ಸತತವಾಗಿ ಕೊಡಬಲ್ಲ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇರಬೇಕು. ಪರೀಕ್ಷಾ ಸಂಸ್ಥೆಯ ಒಪ್ಪಿಗೆಯೂ ಬೇಕು. ಆದ್ದರಿಂದ ಕಿಟ್ ಕೊಳ್ಳುವಾಗ ಅದರ ಕಾಗದಪತ್ರಗಳನ್ನು ಕೇಳಿ ಪಡೆಯುವುದು ಒಳ್ಳೆಯದು. ಪೆಟ್ರೋಲ್ ಎಂಜಿನ್ನಿನ ಕಿಟ್‌ಗಳಿಗೆ ಈ ವಿನಾಯಿತಿ ಇಲ್ಲ, ಹಾಗಾಗಿ ಅವುಗಳ ಮಾತನ್ನು ಇಲ್ಲಿ ಎತ್ತುವುದಿಲ್ಲ. ಇನ್ನು ನಮ್ಮ ಚಡಾವಿನ ಲೆಕ್ಕ: ನೂರು ಮೀಟರಿಗೆ ಎಂಟು ಮೀಟರ್ ಏರುವ ಕಡೆ, ಸವಾರ ಮತ್ತು ಸೈಕಲ್ ಸೇರಿ 105 ಕಿಲೋ ಇದ್ದರೆ, ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಏರುವುದಕ್ಕೇ ಸುಮಾರು 230 ವ್ಯಾಟ್ ಬೇಕಾಗುತ್ತದೆ. ಹಬ್ ಮೋಟಾರ್ ನಿಧಾನವಾಗಿ ತಿರುಗುವಾಗ ತನ್ನ ಪೂರ್ಣ ಶಕ್ತಿಯನ್ನು ಚಕ್ರಕ್ಕೆ ಕೊಡಲಾರದೆ ಬಿಸಿಯಾಗುತ್ತದೆ. ಉಳಿದದ್ದನ್ನು ಕಾಲೇ ಕೊಡಬೇಕು, ಕಾಲಿಗೆ ಗಿಯರ್ ಬೇಕು.

ಮೋಟಾರ್ ಕಿಟ್‌ಗೆ 9,500 ರೂಪಾಯಿ, 36 ವೋಲ್ಟ್ 10 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಗೆ 14,000 ರೂಪಾಯಿ ಆಯಿತು. ಜೋಡಿಸಿಕೊಟ್ಟವರು ನಮ್ಮೂರಿನ ಸೈಕಲ್ ರಿಪೇರಿಯವರು. ಅಚ್ಚು ತಿರುಗದಂತೆ ಅದರ ತುದಿಯಿಂದ ಚೌಕಟ್ಟಿಗೆ ಬಿಗಿಯುವ ಉಕ್ಕಿನ ಪಟ್ಟಿ ಕಿಟ್ಟಿನಲ್ಲಿ ಒಂದೇ ಇತ್ತು. ಅವರು ಅದನ್ನು ಕೈಯಲ್ಲಿ ಹಿಡಿದು, “ಮಾಷ್ಟ್ರೇ, ಇನ್ನೊಂದು ಬದಿಗೂ ಒಂದು ಮಾಡಿ ಹಾಕುವ. ನೀವು ದಿನಾ ಹೋಗುವವರಲ್ಲವಾ” ಎಂದರು. ಮುಂದಿನ ಉಕ್ಕಿನ ರಿಮ್ಮನ್ನು ತೆಗೆಸಿ ಅಲ್ಯೂಮಿನಿಯಂ ರಿಮ್ ಹಾಕಿಸಿದ್ದೂ ಅವರ ಸಲಹೆಯಿಂದಲೇ. ಮಳೆಯಲ್ಲಿ ಬ್ರೇಕು ಹಿಡಿಯುವ ರೀತಿಯೇ ಬದಲಾಯಿತು. ಈ ಎರಡು ಕೆಲಸ ಮತ್ತು ಕೂಲಿ ಸೇರಿ 2,100 ರೂಪಾಯಿ. ಒಟ್ಟು ವೆಚ್ಚ 37,400.

ಕ್ರೂಸರ್ ಕೊಳ್ಳುವವರಿಗೆ ಮಾತ್ರ ಎದುರಾಗುವ ತೊಂದರೆಯೊಂದಿದೆ. ಅದರ ಹ್ಯಾಂಡಲ್ ಅಗಲವಾಗಿ ಹಿಂದಕ್ಕೆ ಬಾಗಿರುವುದರಿಂದ ಕಿಟ್ಟಿನಲ್ಲಿ ಬರುವ ವಯರುಗಳೂ ಬ್ರೇಕಿನ ಕೇಬಲುಗಳೂ ಸಾಲುವುದಿಲ್ಲ. ನನ್ನ ಸೈಕಲಿಗೆ ಮೊದಲು ಹಾಗೆಯೇ ಎಳೆದು ಕಟ್ಟಿದ್ದರಿಂದ ಹ್ಯಾಂಡಲ್ ಪೂರ್ತಿ ತಿರುಗಿದಾಗ ಬ್ರೇಕು ತಾನಾಗಿ ಹಿಡಿದು ಮೋಟಾರ್ ನಿಲ್ಲುತ್ತಿತ್ತು. ಉದ್ದದ ಕೇಬಲ್ ಮತ್ತು ಜೋಡಣೆಯ ವಯರನ್ನು ಕಿಟ್ ಕೊಳ್ಳುವಾಗಲೇ ಕೇಳಿ ತೆಗೆದುಕೊಳ್ಳಬೇಕು.

ಹೋಗಿ ಬರುವ 18 ಕಿಲೋಮೀಟರಿಗೆ, ಚಡಾವಿನಲ್ಲಿ ನಾನೂ ತುಳಿಯುವುದರಿಂದ, ಬ್ಯಾಟರಿಯ 360 ವ್ಯಾಟ್-ಅವರ್‌ನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಖರ್ಚಾಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಆಟಿ ತಿಂಗಳು (ತುಳುವರ ಆಷಾಢ) ಕಳೆಯುವಷ್ಟರಲ್ಲಿ, ಮೋಟಾರಿಗೆ ಹೋಗುವ ವಿದ್ಯುತ್ತನ್ನು ಹತೋಟಿಯಲ್ಲಿಡುವ ನಿಯಂತ್ರಕದ ಚೀಲಕ್ಕೆ ನೀರು ನುಗ್ಗಿ ಒಂದು ಕನೆಕ್ಟರ್ ಹಸುರುಗಟ್ಟಿತು. ಅದನ್ನು ಬದಲಿಸಿ, ವಯರುಗಳು ಚೀಲವನ್ನು ಕೆಳಗಿನಿಂದಲೇ ಸೇರುವಂತೆ, ಒಳಹೋಗುವ ಮೊದಲು ಒಂದು ಸುತ್ತು ಜೋತುಬಿದ್ದು ನೀರು ಅಲ್ಲಿಯೇ ತೊಟ್ಟಿಕ್ಕುವಂತೆ ಮಾಡಿಸಿದ ಮೇಲೆ ಮತ್ತೆ ತೊಂದರೆಯಾಗಲಿಲ್ಲ. ಚೈನಿಗೆ ವಾರಕ್ಕೊಮ್ಮೆ ಎಣ್ಣೆ ಹಾಕುತ್ತೇನೆ, ತಿಂಗಳಿಗೊಮ್ಮೆ ಅಚ್ಚಿನ ಎರಡೂ ನಟ್ಟುಗಳನ್ನು ನಾನೇ ಸ್ಪ್ಯಾನರ್ ಹಿಡಿದು ಬಿಗಿದು ನೋಡುತ್ತೇನೆ.