ಕ್ರಾಫರ್ಡ್ ವಿಚಾರಣೆಯ ಕಡತ ತರಿಸಿಕೊಂಡಾಗ: ಒಂದು ಪತ್ರಾಗಾರ ಸೇವೆಯ ವಿಮರ್ಶೆ

ಬ್ರಿಟಿಷ್ ಕಾಲದ ಸರ್ಕಾರಿ ಕಡತಗಳನ್ನು ಸ್ಕ್ಯಾನ್ ಮಾಡಿ ಕಳುಹಿಸುವ ಪತ್ರಾಗಾರವೊಂದರಿಂದ ಆರ್ಥರ್ ಕ್ರಾಫರ್ಡ್ ಪ್ರಕರಣದ ಕಾಗದಗಳನ್ನು ತರಿಸಿಕೊಂಡಿದ್ದೆ. ಮುಂಬಯಿಯ ಮೊದಲ ಮುನಿಸಿಪಲ್ ಕಮಿಷನರ್ ಎಂದು ಹೆಸರಾಗಿ, ಅಲ್ಲಿನ ಮಾರುಕಟ್ಟೆಯೊಂದಕ್ಕೆ ತನ್ನ ಹೆಸರನ್ನೇ ಬಿಟ್ಟುಹೋದ ಈ ಅಧಿಕಾರಿ, ಪುಣೆಯಲ್ಲಿ ವಿಭಾಗದ ಕಮಿಷನರ್ ಆಗಿದ್ದಾಗ ವರ್ಗಾವಣೆ, ಬಡ್ತಿಗಳಿಗಾಗಿ ಮಾಮಲೇದಾರರಿಂದ, ಅಂದರೆ ತಾಲ್ಲೂಕು ಮಟ್ಟದ ಕಂದಾಯ ಅಧಿಕಾರಿಗಳಿಂದ, ಹಣ ಪಡೆಯುತ್ತಿದ್ದನೆಂಬ ಆರೋಪದ ಮೇಲೆ 1888ರಲ್ಲಿ ವಿಚಾರಣೆಗೆ ಗುರಿಯಾದ.

ಪ್ರತಿಗಳು ಬಹಳ ಚೆನ್ನಾಗಿವೆ. ಆರೋಪಪಟ್ಟಿಯ ಅಂಚಿನಲ್ಲಿ ಯಾರೋ ಎಳೆದ ಪೆನ್ಸಿಲ್ ಗೆರೆ ಕೂಡ ಮಾಸದೆ ಮೂಡಿದೆ. ಆರೋಪಗಳನ್ನು ಲಿಖಿತವಾಗಿ ಕೊಡಬೇಕು, ಆರೋಪಿಗೆ ವಕೀಲರನ್ನು ಇಟ್ಟುಕೊಳ್ಳಲು ಮತ್ತು ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸಲು ಅವಕಾಶವಿರಬೇಕು, ಕಮಿಷನ್ ಪ್ರತಿಯೊಂದು ಆರೋಪದ ಮೇಲೂ ಅಭಿಪ್ರಾಯ ಹೇಳಬೇಕು ಎಂದು ಸರ್ಕಾರಿ ನೌಕರರ ಮೇಲಿನ ಆರೋಪಗಳ ವಿಚಾರಣೆಗೆಂದು ಮಾಡಿದ 1850ರ 37ನೇ ಕಾಯ್ದೆ ವಿಧಿಸಿದ್ದು ಕಾರ್ಯರೂಪದಲ್ಲಿ ಹೇಗಿತ್ತು ಎಂಬುದನ್ನು ಈ ಪುಟಗಳಷ್ಟು ಸ್ಪಷ್ಟವಾಗಿ ತೋರಿಸುವ ಬೇರೆ ಸಾಮಗ್ರಿ ನನಗೆ ಸಿಕ್ಕಿಲ್ಲ. ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ವಿಲ್ಸನ್ ನೇತೃತ್ವದ ಮೂವರ ಕಮಿಷನ್ ಲಂಚದ ಆರೋಪ ಸಾಬೀತಾಗಿಲ್ಲವೆಂದಿತು. ಆದರೂ ತನ್ನ ಅಧಿಕಾರವ್ಯಾಪ್ತಿಯ ಜನರಿಂದಲೇ ಸಾಲ ಎತ್ತಿದ್ದಕ್ಕಾಗಿ ಕ್ರಾಫರ್ಡ್ ನೌಕರಿ ಕಳೆದುಕೊಂಡ.

ನನ್ನ ಗಂಭೀರ ಆಕ್ಷೇಪವಿರುವುದು ಸೂಚಿಯ ಬಗ್ಗೆ. ಕ್ರಾಫರ್ಡ್ ಎಂದು ಹುಡುಕಿದರೆ ಕಡತಗಳು ಒಂದರ ಹಿಂದೆ ಒಂದು ಬರುತ್ತವೆ. ಸಾಕ್ಷಿ ಹೇಳಿದ ಮಾಮಲೇದಾರರ ಹೆಸರು ಹಾಕಿದರೆ ಏನೂ ಬರುವುದಿಲ್ಲ. ಕೊನೆಗೆ ಅವರ ಅರ್ಜಿಗಳು ನನಗೆ ಸಿಕ್ಕಿದ್ದು ‘ಇತರ ಪತ್ರವ್ಯವಹಾರ’ ಎಂಬ ಶೀರ್ಷಿಕೆಯ ಕಟ್ಟಿನಲ್ಲಿ, ಅದೂ ಸಿಬ್ಬಂದಿಯೊಬ್ಬರು ತಾವಾಗಿಯೇ ಹಳೆಯ ರಿಜಿಸ್ಟರ್ ತೆಗೆದು ನೋಡಿದ್ದರಿಂದ. ಅವರಿಗೆ ನಾನು ಋಣಿ. ಆದರೆ ಓದುಗನ ಕೆಲಸ ಒಬ್ಬ ಸಿಬ್ಬಂದಿಯ ಸೌಜನ್ಯವನ್ನು ನೆಚ್ಚಿಕೊಂಡಿರಬಾರದು.

ಇದನ್ನು ಸಣ್ಣ ಲೋಪವೆಂದು ನಾನು ಒಪ್ಪಲಾರೆ. ಸರ್ಕಾರ ಕೊಟ್ಟ ಅಭಯವನ್ನು ನಂಬಿ, ಹಣ ಕೊಟ್ಟದ್ದು ನಿಜವೆಂದು ಹೇಳಿದ ಮಾಮಲೇದಾರರಲ್ಲಿ ಕೆಲವರನ್ನು ಆಮೇಲೆ ಕೆಲಸದಿಂದ ತೆಗೆಯಲಾಯಿತು. ಅವರ ಪರವಾಗಿ ತಿಲಕರು 1889ರಲ್ಲಿ ದನಿಯೆತ್ತಬೇಕಾಯಿತು. ಮೇಲಧಿಕಾರಿಗೆ ವಕೀಲರು, ಪಾಟೀಸವಾಲು, ಅಚ್ಚಾದ ವರದಿ ಎಲ್ಲವೂ ದೊರೆತ ಪ್ರಕರಣದಲ್ಲಿ ಕೆಳಗಿನವರ ಪಾಲಿಗೆ ಬಂದದ್ದೇನು ಎಂದು ಕೇಳುವವನಿಗೆ ಆ ಅರ್ಜಿಗಳೇ ಮುಖ್ಯ ದಾಖಲೆ. ಅವನ್ನು ಹೆಸರಿಲ್ಲದ ಕಟ್ಟಿನಲ್ಲಿ ಬಿಟ್ಟಿರುವ ಸೂಚಿ ಅಂದಿನ ಕಚೇರಿಯ ಲೆಕ್ಕಾಚಾರವನ್ನೇ ಇಂದಿಗೂ ಮುಂದುವರಿಸಿದಂತಾಗುತ್ತದೆ.

ಅರ್ಜಿಯ ನಮೂನೆ ಸರಳವಾಗಿದೆ, ಪ್ರತಿಗಳು ಹೇಳಿದ ದಿನಕ್ಕೇ ಬಂದವು. ವಸಾಹತು ಆಡಳಿತದ ಶಿಸ್ತುಕ್ರಮಗಳನ್ನು ಅಭ್ಯಾಸ ಮಾಡುವವರು ಈ ಸೇವೆಯನ್ನು ಖಂಡಿತ ಬಳಸಬಹುದು. ಆದರೆ ಕಮಿಷನ್ನಿನ ವರದಿಯೊಂದನ್ನೇ ತರಿಸಿಕೊಂಡು ಸುಮ್ಮನಾಗದೆ, ಸಾಕ್ಷಿಗಳ ಹೇಳಿಕೆಗಳನ್ನೂ ‘ಇತರ’ ಎಂಬ ಕಟ್ಟುಗಳ ಪಟ್ಟಿಯನ್ನೂ ಮೊದಲ ಅರ್ಜಿಯಲ್ಲೇ ಕೇಳಿ ಪಡೆಯಿರಿ.