ಬಾಲ್ಡರ್ಸ್ ಗೇಟ್ 3 ರಿವ್ಯೂ: ಒಬ್ಬನೇ ಹೋಗುದಾ, ಗುಂಪು ಕಟ್ಟುದಾ?

ಗೇಮ್ ಚಂದ ಉಂಟಾ ಇಲ್ವಾ ಅಂತ ಹೇಳ್ಲಿಕ್ಕೆ ನಾನು ಇದನ್ನು ಬರೀತಾ ಇಲ್ಲ. ಅದು ಪಿಸಿಗೆ ಬಂದದ್ದು 2023 ಆಗಸ್ಟ್ 3ಕ್ಕೆ, ಅದೇ ವರ್ಷ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಪ್ರಶಸ್ತಿನೂ ಹೊಡ್ಕೊಂಡು ಹೋಯ್ತು, ಇನ್ನು ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್‌ನವರಿಗೆ ಬದಿಯಡ್ಕದಿಂದ ನನ್ನ ಸರ್ಟಿಫಿಕೇಟ್ ಎಂತಕ್ಕೆ ಮಾರಾಯ್ರೆ. ನಂಗೆ ಹೇಳ್ಲಿಕ್ಕಿರುದು ಬೇರೆ. ಈ ಗೇಮನ್ನು ಯಾರನ್ನೂ ಸೇರಿಸ್ಕೊಳ್ಳದೆ ಒಬ್ಬನೇ ಆಡ್ಬಹುದು, ಗೇಮೇ ಕೊಡುವ ಜೊತೆಗಾರರನ್ನು ಕಟ್ಕೊಂಡು ಆಡ್ಬಹುದು, ಇಲ್ಲಾಂದ್ರೆ ನಿಜವಾದ ದೋಸ್ತಿಗಳನ್ನು ಕರ್ಕೊಂಡು ಆನ್‌ಲೈನ್ ಆಡ್ಬಹುದು. ನಾನು ಮೂರೂ ಆಡಿ ನೋಡಿದೆ. ದುಡ್ಡು ಒಂದೇ, ಆದ್ರೆ ಸಿಗುದು ಮೂರು ಬೇರೆ ಬೇರೆ ಗೇಮ್.

ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳ್ತೇನೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಮೇಜಿನ ಸುತ್ತ ಕೂತು ದಾಳ ಹಾಕಿ ಆಡುವ ಆಟ ಉಂಟಲ್ಲ, ಅದರ ಐದನೇ ಆವೃತ್ತಿಯ ನಿಯಮ ಇಟ್ಕೊಂಡು ಮಾಡಿದ್ದು ಇದು. ಶುರುವಿಗೇ ನಮ್ಮ ತಲೆಯೊಳಗೆ ಒಂದು ಹುಳ ಬಿಡ್ತಾರೆ, ಅದನ್ನು ತೆಗೀದಿದ್ರೆ ನಾವೇ ಮೈಂಡ್ ಫ್ಲೇಯರ್ ಅನ್ನುವ ರಾಕ್ಷಸ ಆಗ್ತೇವೆ, ಅದಕ್ಕೆ ಮದ್ದು ಹುಡ್ಕಿಕೊಂಡು ಹೊರಡುದೇ ಕಥೆ. ಬೀಗ ತೆಗೀಲಿಕ್ಕೆ, ಸುಳ್ಳು ಹೇಳ್ಲಿಕ್ಕೆ, ಯಾರನ್ನಾದ್ರೂ ಹೆದರಿಸ್ಲಿಕ್ಕೆ, ಎಲ್ಲದಕ್ಕೂ 20 ಮುಖದ ದಾಳ ಉರುಳ್ಬೇಕು. ಜಗಳ ಸರದಿ ಪ್ರಕಾರ ನಡೀತದೆ. ಗುಂಪಲ್ಲಿ ಹೆಚ್ಚಂದ್ರೆ ನಾಲ್ಕು ಜನ. 1998ರಲ್ಲಿ ಬಯೋವೇರ್‌ನವರು ಮಾಡಿದ ಮೊದಲನೇ ಬಾಲ್ಡರ್ಸ್ ಗೇಟ್‌ನಲ್ಲಿ ಆರು ಜನಕ್ಕೆ ಜಾಗ ಇತ್ತು, ಆ ಕಾಲದವರು ಈಗ್ಲೂ ಅದನ್ನೇ ಹೇಳಿ ಹೇಳಿ ಕೊರಗ್ತಾರೆ.

ಒಬ್ಬನೇ ಆಡುದು ಅಂದ್ರೆ ಪೂರ್ತಿ ಲೆಕ್ಕಾಚಾರ. ಒಂದು ಸರದಿಲಿ ನಮಗೆ ಸಿಗುದು ಒಂದು ಆಕ್ಷನ್ (ಹೊಡೆಯುದರ ಹಾಗಿನ ದೊಡ್ಡ ಕೆಲಸ), ಒಂದು ಬೋನಸ್ ಆಕ್ಷನ್ (ಸಣ್ಣ ಕೆಲಸ), ಮತ್ತೆ ಸ್ವಲ್ಪ ನಡೀಲಿಕ್ಕೆ ದೂರ. ನಾಲ್ಕು ಜನ ಇದ್ರೆ ಇದು ನಾಲ್ಕು ಪಟ್ಟು. ಒಬ್ಬನೇ ಆದ್ರೆ ನಾವು ಒಂದು ಪೆಟ್ಟು ಕೊಟ್ಟು ಆಗುವಾಗ ಎದುರಿಗಿರುವ ಗಾಬ್ಲಿನ್ ಅನ್ನುವ ಕುಳ್ಳ ಭೂತಗಳೆಲ್ಲ ಸಾಲಾಗಿ ಬಂದು ಒಂದೊಂದು ಕೊಟ್ಟು ಹೋಗ್ತಾವೆ. ಗುಂಪಿದ್ರೆ ಒಬ್ಬ ಬಿದ್ರೂ ಇನ್ನೊಬ್ಬ ಹೋಗಿ ಎತ್ಬಹುದು, ಒಬ್ಬನೇ ಇದ್ದು ಬಿದ್ರೆ ಅಲ್ಲಿಗೆ ಮುಗೀತು, ಹಳೇ ಸೇವ್ ತೆರೀರಿ. ಅದಕ್ಕೇ ಮೊದಲ ಪೆಟ್ಟು ನಮ್ಮದೇ ಆಗ್ಬೇಕು. ಮೇಜಿನ ಆಟದಲ್ಲಿ ಯಾರು ಮೊದಲು ಅಂತ ನೋಡ್ಲಿಕ್ಕೂ 20 ಮುಖದ ದಾಳವೇ, ಆದ್ರೆ ಇಲ್ಲಿ ಅದಕ್ಕೆ 4 ಮುಖದ ದಾಳ ಇಟ್ಟಿದ್ದಾರೆ, ಹಾಗಾಗಿ ಡೆಕ್ಸ್ಟೆರಿಟಿ, ಅಂದ್ರೆ ಚುರುಕುತನ, ಜಾಸ್ತಿ ಇಟ್ಟು ಅಲರ್ಟ್ ಅನ್ನುವ ಫೀಟ್ (ವಿಶೇಷ ಕೌಶಲ) ತಗೊಂಡ್ರೆ ಸಿಗುವ ಐದು ಪಾಯಿಂಟಲ್ಲಿ ಹೆಚ್ಚುಕಡಿಮೆ ಎಲ್ಲಾ ಕಡೆ ನಾವೇ ಫಸ್ಟು. ಇದನ್ನು ಹಿಡ್ಕೊಂಡ ಮೇಲೆ ಮಜಾ ಶುರು. ಕದ್ದು ನುಗ್ಗುದು, ಮಾಯ ಆಗುದು, ಸಿಡಿಮದ್ದು ತುಂಬಿದ ಪೀಪಾಯಿಗಳನ್ನು ಒಂದೊಂದೇ ಹೊತ್ಕೊಂಡು ಬಂದು ಶತ್ರುಗಳ ಹತ್ರ ಜೋಡ್ಸಿಟ್ಟು ದೂರ ನಿಂತು ಒಂದು ಬೆಂಕಿ ಬಾಣ ಬಿಡುದು, ಇದೆಲ್ಲ ಗುಂಪಿದ್ರೆ ಯಾರೂ ಮಾಡ್ಲಿಕ್ಕೆ ಹೋಗುದಿಲ್ಲ, ಯಾಕಂದ್ರೆ ಅಷ್ಟು ತಲೆ ಓಡಿಸುವ ಅಗತ್ಯವೇ ಬೀಳುದಿಲ್ಲ.

ಆದ್ರೆ ಆ ಕಷ್ಟಕ್ಕೆ ಗೇಮ್ ಎಂತದ್ದೂ ಸಂಬಳ ಕೊಡುದಿಲ್ಲ, ಅದು ನಂಗೆ ಸರಿ ಕಾಣುದಿಲ್ಲ. 1998ರದ್ರಲ್ಲಿ ಅನುಭವದ ಪಾಯಿಂಟು ಗುಂಪಿನವರಿಗೆ ಪಾಲಾಗ್ತಿತ್ತು, ಒಬ್ಬನೇ ಇದ್ರೆ ಪೂರ್ತಿ ಪಾಲು ನಮ್ಗೇ, ಬೇಗ ಬೇಗ ಲೆವೆಲ್ ಏರ್ಬಹುದಿತ್ತು. ಇದೇ ಲಾರಿಯನ್‌ನವರು 2017ರಲ್ಲಿ ಮಾಡಿದ ಡಿವಿನಿಟಿ ಒರಿಜಿನಲ್ ಸಿನ್ 2ರಲ್ಲಿ ಲೋನ್ ವುಲ್ಫ್ ಅಂತ ಒಂದು ಟ್ಯಾಲೆಂಟ್ ಇತ್ತು, ಕಮ್ಮಿ ಜನ ಹೋಗುವವರಿಗೆ ಜಾಸ್ತಿ ಬಲ ಕೊಡುವಂಥದ್ದು. ಇಲ್ಲಿ ಎರಡೂ ಇಲ್ಲ. ಕ್ಯಾಂಪಲ್ಲಿ, ಅಂದ್ರೆ ರಾತ್ರಿ ತಂಗುವ ಜಾಗದಲ್ಲಿ, ಕಾಲು ಚಾಚಿ ಕೂತ ಜೊತೆಗಾರರಿಗೂ ನಮ್ಮಷ್ಟೇ ಪಾಯಿಂಟ್, ಎಲ್ಲರಿಗೂ 12ನೇ ಲೆವೆಲ್ಲಿಗೆ ನಿಲುಗಡೆ. ರಾತ್ರಿ ಮಲಗ್ಲಿಕ್ಕೆ ಬೇಕಾದ ಊಟದ ಸಾಮಾನು ಸಹ ನಾಲ್ಕು ಜನಕ್ಕೂ 40, ಒಬ್ಬನಿಗೂ 40. ಒಬ್ಬನೇ ಅಷ್ಟನ್ನು ಎಂತ ಮಾಡ್ತಾನೆ ದೇವ್ರಿಗೇ ಗೊತ್ತು. ಒಂದೇ ಸಮಾಧಾನ ಅಂದ್ರೆ ವಿದರ್ಸ್ ಅಂತ ಒಬ್ಬ ಒಣಕಲು ಮುದುಕ ಇದ್ದಾನೆ, 100 ಚಿನ್ನದ ನಾಣ್ಯ ಕೊಟ್ರೆ ನಮ್ಮ ಕ್ಲಾಸನ್ನೇ (ಯೋಧನಾ, ಮಂತ್ರವಾದಿಯಾ ಅನ್ನುವ ಕಸುಬನ್ನೇ) ಬದ್ಲಿಸಿ ಕೊಡ್ತಾನೆ.

ಇದೆಲ್ಲ ಆದ್ರೂ ಸಹಿಸ್ಬಹುದು, ಮೌನ ಮಾತ್ರ ಸಹಿಸ್ಲಿಕ್ಕೆ ಆಗುದಿಲ್ಲ. 2015ರ ವಿಚರ್ 3 ಅನ್ನುವ ಗೇಮಲ್ಲಿ ಹೀರೋ ಒಬ್ಬನೇ ಕುದುರೆ ಮೇಲೆ ತಿರುಗ್ತಾನೆ, ಆದ್ರೆ ಅವನು ತಾನೇ ಮಾತಾಡ್ತಾನೆ, ಅವನ ಗೊಗ್ಗರು ಸ್ವರವೇ ನಮಗೆ ಜೊತೆ. ಎಲ್ಡನ್ ರಿಂಗ್‌ನಲ್ಲಿ ಒಂಟಿತನವನ್ನೇ ನಂಬಿ ಊರು ಕಟ್ಟಿದ್ದಾರೆ. ಇಲ್ಲಿ ಹಾಗಲ್ಲ, ನಾವೇ ಸೃಷ್ಟಿ ಮಾಡಿದ ಪಾತ್ರಕ್ಕೆ ಸಂಭಾಷಣೆಲಿ ಸ್ವರವೇ ಇಲ್ಲ, ಸಾಲು ಆರಿಸಿದ ಕೂಡ್ಲೇ ಎದುರಿನವ ಉತ್ರ ಕೊಡ್ತಾನೆ. ಮಾತೆಲ್ಲ ಜೊತೆಗಾರರ ಬಾಯಲ್ಲಿ ಇಟ್ಟಿದ್ದಾರೆ. ಅವರನ್ನು ಬಿಟ್ಟು ಹೊರಟ್ರೆ ಉಳಿಯುದು ಕಥೆ ಹೇಳುವ ಆ ಹೆಂಗಸಿನ ಸ್ವರ ಒಂದೇ. ಅಂಡರ್‌ಡಾರ್ಕ್ ಅಂತ ಭೂಮಿಯಡಿಯ ಜಾಗ ಉಂಟು, ಎಷ್ಟು ಚಂದ ಅಂದ್ರೆ, ಹೊಳೆಯುವ ಅಣಬೆ ಅದು ಇದು ಎಲ್ಲ, ಆದ್ರೆ ಅದನ್ನು ನೋಡಿ "ಅಬ್ಬ" ಅನ್ನುವವರು ಯಾರೂ ಇಲ್ಲ. ಕದ್ರೆ ಕೇಳುವವರಿಲ್ಲ, ಕೊಂದ್ರೆ ಬೈಯುವವರಿಲ್ಲ.

ಜೊತೆಗಾರರ ಬೆಲೆ ಇರುದು ಇಲ್ಲೇ. ಅವರ ಕತ್ತಿಗಿಂತ ಅವರ ಸಿಟ್ಟು ಮುಖ್ಯ. ನಾವು ಎಂತ ಮಾಡಿದ್ರೂ ಇಂಥವರು ಮೆಚ್ಚಿದ್ರು, ಇಂಥವರಿಗೆ ಹಿಡಿಸ್ಲಿಲ್ಲ ಅಂತ ಸ್ಕ್ರೀನಲ್ಲಿ ಬರ್ತದೆ. ಪುಕ್ಕಟೆ ಪರೋಪಕಾರಕ್ಕೆ ಇಳಿದ್ರೆ ಆಸ್ಟೇರಿಯನ್‌ಗೆ ಮೈ ಉರೀತದೆ, ದಾರಿಲಿ ಬಿದ್ದವರನ್ನು ಬಿಟ್ಟು ಮುಂದೆ ಹೋದ್ರೆ ಕಾರ್ಲಾಕ್‌ಗೆ ಬೇಜಾರು. ಗೇಲ್ ಅಂತ ಒಬ್ಬ ಮಂತ್ರವಾದಿ, ನಾವು ಜೀವ ಬಿಟ್ಟು ಹುಡ್ಕಿದ ಮಂತ್ರದ ಉಂಗುರವನ್ನು ಕೊಡಿ ಅಂತಾನೆ, ಹಾಕ್ಕೊಳ್ಳಿಕ್ಕೆ ಅಲ್ಲ, ಅದರ ಶಕ್ತಿಯನ್ನು ಹೀರ್ಲಿಕ್ಕೆ! ಶ್ಯಾಡೋಹಾರ್ಟ್ ಮತ್ತೆ ಲೇಝೆಲ್‌ಗೆ ಶುರುವಿಂದ್ಲೇ ಆಗಿಬರುದಿಲ್ಲ, ಒಂದು ರಾತ್ರಿ ಕ್ಯಾಂಪಲ್ಲಿ ಒಬ್ಬಳು ಇನ್ನೊಬ್ಬಳ ಕುತ್ತಿಗೆಗೆ ಕತ್ತಿ ಹಿಡಿಯುವವರೆಗೆ ಹೋಗ್ತದೆ, ನಾವು ಮಧ್ಯೆ ಹೋಗಿ ಬಿಡಿಸ್ಬೇಕು. ಕಥೆಲಿ ಒಂದು ತೋಪಲ್ಲಿ ಆಶ್ರಯ ಪಡೆದ ನಿರಾಶ್ರಿತರು ಇದ್ದಾರೆ, ಅವರನ್ನು ಬಿಟ್ಟು ಗಾಬ್ಲಿನ್‌ಗಳ ಪಕ್ಷ ಸೇರಿ ಆ ತೋಪಿನವರನ್ನು ಕೊಂದ್ರಿ ಅಂತಾದ್ರೆ ವಿಲ್ ಮತ್ತೆ ಕಾರ್ಲಾಕ್ ಗುಂಪು ಬಿಟ್ಟೇ ಹೋಗ್ತಾರೆ. ಎಷ್ಟು ಒಳ್ಳೆ ಮಾತಾಡಿದ್ರೂ ನಿಲ್ಲುದಿಲ್ಲ.

ಕುಂಬಳೆ ಸೀಮೆಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳ್ಬೇಕಾಗಿಲ್ಲ, ಸಂಧಾನಕ್ಕೆ ಬಂದ ಕೃಷ್ಣ ಎಷ್ಟೇ ದೊಡ್ಡ ಅರ್ಥಧಾರಿ ಆಗಿರ್ಲಿ, ಎದುರು ಕೌರವ ಹೇಳುವವ ಗಟ್ಟಿ ಕೂತು "ಕೊಡುದಿಲ್ಲ" ಅನ್ನದಿದ್ರೆ ರಾತ್ರಿ ಹನ್ನೊಂದಕ್ಕೇ ಚಾಪೆ ಮಡಚ್ಬೇಕಾಗ್ತದೆ. ಆಸ್ಟೇರಿಯನ್‌ಗೆ ಸ್ವರ ಕೊಟ್ಟ ನೀಲ್ ನ್ಯೂಬನ್‌ಗೆ 2023ರ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಅಭಿನಯದ ಪ್ರಶಸ್ತಿ ಸಿಕ್ಕಿತು, ಆ ಮಾತಿನ ವೈಖರಿ ಕೇಳಿದವ್ರಿಗೆ ಯಾಕೆ ಸಿಕ್ತು ಅಂತ ಕೇಳುವ ಹಾಗೇ ಇಲ್ಲ.

ತೊಂದ್ರೆ ಇಲ್ಲ ಅಂತಲ್ಲ. ನಾಲ್ಕು ಜನರ ಚೀಲ ನೋಡ್ಕೊಳ್ಳುದು ದೊಡ್ಡ ತಲೆನೋವು, ಯಾರ ಹತ್ರ ಯಾವ ಮದ್ದು, ಯಾರ ಹತ್ರ ಹೋದ ವಾರದ ಚೀಸು ಅಂತ ಹುಡ್ಕುದರಲ್ಲೇ ಸಂಜೆ ಕಳೀತದೆ. ಒಂದು ಗುಂಡಿ ಹಾರ್ಬೇಕಾದ್ರೆ ಒಬ್ಬ ಆಚೆ ಬದಿಲೇ ನಿಂತುಬಿಡ್ತಾನೆ. ಮತ್ತೆ ಈ ಗುಂಪಿನವರೆಲ್ಲ ಒಬ್ಬರಾದ ಮೇಲೆ ಒಬ್ಬರು ನಮ್ಮ ಹೀರೋಗೆ ಮನಸ್ಸು ಕೊಡುದುಂಟಲ್ಲ, ಅದು ಸ್ವಲ್ಪ ಅತಿಯಾಯ್ತು. ಯಾರಾದ್ರೂ ಒಬ್ಬರಾದ್ರೂ ಬರೀ ಫ್ರೆಂಡಾಗಿ ಇರ್ಬಾರ್ದಾ?

ಇನ್ನು ನಿಜವಾದ ದೋಸ್ತಿಗಳ ವಿಷಯ. ನಾಲ್ಕು ಜನ ಸೇರಿದೆವು, ನಾನು, ಕುಂಬಳೆಯವ, ಉಪ್ಪಳದವ, ಮತ್ತೆ ಬೆಂಗಳೂರಲ್ಲಿ ಕೆಲಸದಲ್ಲಿರುವ ಇನ್ನೊಬ್ಬ. ಹೆಡ್‌ಫೋನಲ್ಲಿ ತುಳು, ಮಲಯಾಳ, ಕನ್ನಡ ಮೂರೂ ಒಟ್ಟಿಗೆ. ಬೆಂಗಳೂರಿನವ ಫ್ರೀ ಆಗುದು ರಾತ್ರಿ ಹತ್ತರ ಮೇಲೆ, ಆಗ ಇಲ್ಲಿ ಮಳೆಗಾಲದಲ್ಲಿ ಒಂದು ಗುಡುಗು ಬಂದ್ರೆ ಅಮ್ಮ ಬಂದು "ಮೊದ್ಲು ಆ ವೈಫೈ ಪ್ಲಗ್ ತೆಗಿ" ಅಂತಾರೆ, ಅವ್ರು ಹೇಳುದೂ ಸರಿಯೇ. ಗೇಮ್ ಶುರುವಾದ್ರೆ ಒಬ್ಬೊಬ್ಬ ಒಂದೊಂದು ದಿಕ್ಕಿಗೆ. ನಾನು ಇಲ್ಲಿ ಒಬ್ಬಳು ಮುದುಕಿ ಹತ್ರ ಗಂಭೀರವಾಗಿ ಮಾತಾಡ್ತಾ ಇರುವಾಗ ಉಪ್ಪಳದವ ಪಕ್ಕದ ಅಂಗಡಿಲಿ ಕದ್ದು ಸಿಕ್ಕಿಬಿದ್ದು ಕಾವಲಿನವರನ್ನೆಲ್ಲ ಎಳ್ಕೊಂಡು ಬರ್ತಾನೆ. ಕ್ಯಾಂಪಲ್ಲಿ ಮಲಗ್ಬೇಕಾದ್ರೆ ನಾಲ್ವರೂ ಒಪ್ಪಬೇಕು, ಕುಂಬಳೆಯವನ ಹತ್ರ "ಮಲಗುವ ಮಾರಾಯ, ಮಂತ್ರ ಎಲ್ಲ ಖಾಲಿ" ಅಂತ ಅಂಗಲಾಚ್ಬೇಕು.

ನಗು ಬೇಕಾದ್ರೆ ಇದಕ್ಕಿಂತ ಒಳ್ಳೇದು ಇಲ್ಲ. ಅಷ್ಟು ನಗು ಯಾವ ಗೇಮಲ್ಲೂ ನಂಗೆ ಬರ್ಲಿಲ್ಲ. ಆದ್ರೆ ನಾಲ್ಕು ಜಾಗಕ್ಕೂ ಮನುಷ್ಯರೇ ಕೂತ ಮೇಲೆ ಆಸ್ಟೇರಿಯನ್, ಕಾರ್ಲಾಕ್ ಎಲ್ಲ ಕ್ಯಾಂಪಲ್ಲೇ ಬಾಕಿ, ಅವರ ಕಥೆ ಅಲ್ಲಲ್ಲಿಗೆ ನಿಲ್ತದೆ. ಮತ್ತೆ ದೋಸ್ತಿಗಳು "ಬೇಡ" ಅನ್ನುದಿಲ್ಲ! ಯಾರನ್ನೋ ಕೊಲ್ಲುದಾ ಬಿಡುದಾ ಅಂತ ಗೇಮ್ ಕೇಳುವಾಗ ಮೂರೂ ಬಾಯಿಂದ ಒಂದೇ ಉತ್ರ, "ಹೊಡಿ ಹೊಡಿ, ಎಂತ ಆಗ್ತದೆ ನೋಡುವ." ಒಬ್ಬನೇ ಆಡುವಾಗ ತಡೆಯುವವರು ಇರ್ಲಿಲ್ಲ, ನಾಲ್ಕು ಜನ ಸೇರಿದ್ರೂ ಅದೇ ಕಥೆ, ಬರೀ ಗಲಾಟೆ ಜಾಸ್ತಿ ಅಷ್ಟೆ.

ಹಾಗಾಗಿ ಮೊದಲ ಸಲ ಆಡುವವರು ಗೇಮಿನ ಜೊತೆಗಾರರನ್ನೇ ಕಟ್ಕೊಂಡು ಹೋಗಿ, ದೋಸ್ತಿಗಳು ಕಾಯ್ಲಿ. ಗುಂಪಲ್ಲಿ ಯಾವಾಗ್ಲೂ ನಿಮ್ಮ ಬುದ್ಧಿಗೆ ವಿರುದ್ಧ ಇರುವ ಒಬ್ಬರಾದ್ರೂ ಇರ್ಲಿ, ನೀವು ಸಾಧು ಆದ್ರೆ ಆಸ್ಟೇರಿಯನ್, ಒರಟ ಆದ್ರೆ ಕಾರ್ಲಾಕ್. ಕಥೆ ಒಮ್ಮೆ ಮುಗ್ದ ಮೇಲೆ, ಲೆಕ್ಕಾಚಾರದ ಹುಚ್ಚು ಇರುವವರು ಒಬ್ಬನೇ ಹೋಗಿ ನೋಡಿ. 2023ರ ನವೆಂಬರ್ ಕೊನೆಗೆ ಬಂದ ಆನರ್ ಮೋಡಲ್ಲಿ ಒಂದೇ ಸೇವ್, ಸತ್ರೆ ಸತ್ತ ಹಾಗೆ, ಅದರಲ್ಲಿ ಒಬ್ಬನೇ ಗೆದ್ದವರು ಊರಿಗೆ ಬಂದ್ರೆ ಒಂದು ಸನ್ಮಾನ ಇಡ್ಬಹುದು. ದೋಸ್ತಿಗಳು ಬೇಕೇ ಬೇಕು ಅಂತಾದ್ರೆ ಇಬ್ಬರೇ ಆಡಿ, ಉಳಿದ ಎರಡು ಜಾಗ ಗೇಮಿನವರಿಗೆ ಬಿಡಿ. ನಾನೂ ಕುಂಬಳೆಯವನೂ ಈಗ ಹಾಗೇ ಆಡ್ತಾ ಇರುದು, ಅವನ ಹುಚ್ಚಾಟಕ್ಕೆ ಶ್ಯಾಡೋಹಾರ್ಟ್ ಮುಖ ಸಿಂಡರಿಸಿದ್ರೆ ನಂಗೆ ಅರ್ಧ ಕೆಲಸ ಕಮ್ಮಿ.

ತಗೊಳ್ಳುವವರಿಗೆ ಸ್ವಲ್ಪ ವ್ಯವಹಾರ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಲಿ ಪೂರ್ತಿ ರೇಟು 2,999 ರೂಪಾಯಿ, ಸೇಲ್ ಬರ್ತಾ ಇರ್ತದೆ, ಅರ್ಜೆಂಟ್ ಇಲ್ಲದವರು ಕಾಯಿರಿ. ಕಂಪ್ಯೂಟರಲ್ಲಿ 150 ಜಿಬಿ ಜಾಗ ಬೇಕು, ಅದೂ ಎಸ್‌ಎಸ್‌ಡಿ, ಮೂರನೇ ಅಂಕದಲ್ಲಿ ದೊಡ್ಡ ಪೇಟೆಗೆ ಹೋದ ಮೇಲೆ ಹಳೇ ಪ್ರೊಸೆಸರ್ ಏದುಸಿರು ಬಿಡ್ತದೆ. ಕನ್ನಡ ಬಿಡಿ, ಮಲಯಾಳ ಹಿಂದಿ ಸಬ್‌ಟೈಟಲ್ ಸಹ ಇಲ್ಲ, ಓದ್ಲಿಕ್ಕೆ ರಾಶಿ ಇಂಗ್ಲಿಷ್ ಉಂಟು. ದೊಡ್ಡವರ ಗೇಮ್, ಮನೆಲಿ ಸಣ್ಣ ಮಕ್ಕಳು ಇರುವಾಗ ಹಾಲ್‌ನ ಟಿವಿಲಿ ಹಾಕ್ಬೇಡಿ. 2025 ಏಪ್ರಿಲ್‌ನ ಪ್ಯಾಚ್ 8ರಲ್ಲಿ ಕ್ರಾಸ್‌ಪ್ಲೇ ಬಂದದ್ರಿಂದ ನೀವು ಪಿಸಿ, ದೋಸ್ತಿ ಪ್ಲೇಸ್ಟೇಷನ್ 5 ಆದ್ರೂ ಒಟ್ಟಿಗೆ ಆಡ್ಬಹುದು. ಒಂದೇ ಟಿವಿಲಿ ಇಬ್ಬರು ಸ್ಪ್ಲಿಟ್ ಸ್ಕ್ರೀನ್ ಆಡ್ಲಿಕ್ಕೂ ಆಗ್ತದೆ, ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಮೊದ್ಲು ಅದು ಇರ್ಲಿಲ್ಲ, ಅದೇ ಪ್ಯಾಚಲ್ಲಿ ಕೊಟ್ರು. ಎರಡು ಕಂಟ್ರೋಲರ್ ಇದ್ರೆ ಸಾಕು.